ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರ ಚರಿತ್ರೆ

ಉಭಯಗಾನ ವಿಶಾರದರಾದ ಶ್ರೀ ಪಂಚಾಕ್ಷರಿ ಗವಾಯಿಗಳವರು 1892ನೆಯ ಇಸವಿಯಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ಎಂಬ ಜಂಗಮ ದಂಪತಿಗಳ ಪುತ್ರರಾಗಿ ಜನಿಸಿದರು. ಬಾಲ್ಯನಾಮವು ಗದಿಗೆಯ್ಯ. ಅಣ್ಣನಾದ ಗುರುಬಸಯ್ಯನೂ ಇವರೂ ಜನ್ಮಾಂಧರು.

ದೃಷ್ಟಿಹೀನತೆಯಲ್ಲಿಯೂ ತರತಮಗಳುಂಟೆಂಬುದನ್ನು ಇಲ್ಲಿ ಅರಿಯತಕ್ಕುದು. 1862ರಲ್ಲಿ ಹಾಲೆಂಡ್ ದೇಶದ ಸ್ನೆಲ್ಲನ್ ಎಂಬ ನೇತ್ರವೈದ್ಯನು ಅಕ್ಷರಫಲಕದಿಂದ ನೋಟವನ್ನಳೆಯುವ ಕ್ರಮವನ್ನು ಏರ್ಪಡಿಸಿದನು. ಆ ಲೆಕ್ಕದಂತೆ 3/60 ಎಂದರೆ, ಆರೋಗ್ಯವುಳ್ಳ ಕಣ್ಣು 60 ಮೀಟರು ದೂರದಿಂದ ಗುರುತಿಸುವ ಅಕ್ಷರವನ್ನು 3 ಮೀಟರು ಸಮೀಪಕ್ಕೆ ಬಂದ ಮೇಲೆಯೇ ಗುರುತಿಸುವ ಕಣ್ಣು. ಎರಡರಲ್ಲಿ ಮೇಲಾದ ಕಣ್ಣಿಗೆ ತಕ್ಕ ಕನ್ನಡಕವಿಟ್ಟರೂ ದೃಷ್ಟಿಯು ಈ ಮಿತಿಗಿಂತ ಕಡಿಮೆಯಾದರೆ, ಇಲ್ಲವೆ ನೋಟದ ಹರವು 10 ಡಿಗ್ರಿಗಿಂತ ಕಿರಿದಾದರೆ, ಭಾರತದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಅದನ್ನು ಅಂಧತ್ವವೆಂದು ಎಣಿಸುತ್ತದೆ. 6/18ರಿಂದ 3/60ರವರೆಗಿನದನ್ನು ಮಂದದೃಷ್ಟಿಯೆನ್ನುತ್ತದೆ. ಮಂದದೃಷ್ಟಿಯವನಿಗೆ ದೊಡ್ಡ ಅಕ್ಷರ, ಒಳ್ಳೆಯ ಬೆಳಕುಗಳಿಂದ ಉಳಿದ ನೋಟವು ಕೆಲಸಕ್ಕೆ ಬಂದೀತು. ಈ ಬಾಲಕರಿಗಾದರೋ ಆ ಆಸರೆಯೂ ಇರಲಿಲ್ಲ; ಇಂಥವರಿಗೆ ವಿದ್ಯೆಯ ಹಕ್ಕುಂಟೆಂದು ಹೇಳುವ ಕಾಯಿದೆಯೂ ಅಂದಿಗೆ ಇರಲಿಲ್ಲ.

ಆಗ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಬಾಲಕರ ಕಂಠಮಾಧುರ್ಯವನ್ನರಿತು, ಅನ್ನವಿತ್ತು ಸುಮ್ಮನಾಗದೆ, ಸಂಗೀತ ಶಿಕ್ಷಣವನ್ನೇ ಕೊಡಿಸಲು ಸಂಕಲ್ಪಿಸಿದರು. ಅಣ್ಣನು ಅಲ್ಪವಯಸ್ಸಿನಲ್ಲಿಯೇ ತೀರಿಕೊಂಡನು. ತಮ್ಮನು ಆ ದುಃಖವನ್ನು ನುಂಗಿಕೊಂಡು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಸಾಧಿಸಿದನು.

ಹೀಗೆ ಗವಾಯಿಗಳೆನಿಸಿಕೊಂಡ ಮೇಲೆ ಅವರು ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಬ್ರಹ್ಮಚರ್ಯವ್ರತವನ್ನು ಹಿಡಿದು, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು, ಊರಿಂದೂರಿಗೆ ಸಂಚರಿಸುವ ಪಾಠಶಾಲೆಯನ್ನು ನಡೆಯಿಸಿದರು. 1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದ ಬಳಿಕ ಭಾರವೆಲ್ಲವೂ ಇವರ ಹೆಗಲಿಗೇ ಬಿದ್ದಿತು. ಶಿಷ್ಯರ ಹೊಟ್ಟೆಗಾಗಿ ಭಿಕ್ಷೆ ಬೇಡಿದರು, ನಾಟಕಮಂಡಳಿಯನ್ನೂ ಕಟ್ಟಿದರು. ಬಡತನವು ಬೆನ್ನು ಬಿಡದಿದ್ದರೂ ಪಾಠವು ನಿಲ್ಲಲಿಲ್ಲ. ಕಡೆಗೆ ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮವು ಈ ಸಂಸಾರಕ್ಕೆ ನೆಲೆಯಾಯಿತು.

1944ರಲ್ಲಿ ಗವಾಯಿಗಳವರು ಲಿಂಗೈಕ್ಯರಾದರು. ಶೈಶವದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಶಿಷ್ಯ ಶ್ರೀ ಪುಟ್ಟರಾಜ ಗವಾಯಿಗಳವರು 2010ರವರೆಗೆ ಆಶ್ರಮವನ್ನು ಬೆಳೆಯಿಸಿದರು. ಕಣ್ಣುಳ್ಳ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರೂ ಇವರ ಪಾದದಡಿಯಲ್ಲಿ ಕುಳಿತೇ ಗಾಯಕರಾದರು. ಯಾರಿಗೆ ಆಸರೆ ಬೇಕೆಂಬುದನ್ನು ಅಳತೆಯ ಫಲಕವು ತಿಳಿಸಬಲ್ಲದು. ಆ ಆಸರೆ ದೊರೆತವನು ಎಲ್ಲಿಯವರೆಗೆ ಏರಬಲ್ಲನೆಂಬುದಕ್ಕೆ ಈ ಮಹನೀಯರ ಬಾಳೇ ಪ್ರಮಾಣವಾಗಿದೆ.