ಫೋರ್ಬ್ಸ್ ಎಳೆದ ಗೆರೆ

ಡೇಟಾ ಮುಗಿದ ಮೇಲೂ ಗ್ರಾಫಿನ ಗೆರೆಯನ್ನು ಮುಂದಕ್ಕೆಳೆದು ಲ್ಯಾಬಿನಲ್ಲಿ ಬೈಸಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದೇವೆ. ಅವರಿಗೆಲ್ಲ ಎಡ್ವರ್ಡ್ ಫೋರ್ಬ್ಸ್ ದೊಡ್ಡಣ್ಣ.

1815ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯಲು ಲಂಡನ್ನಿಗೆ ಹೋದರು, ಆಗಲಿಲ್ಲ. ಎಡಿನ್‌ಬರೋದಲ್ಲಿ ಮೆಡಿಕಲ್ ಸೇರಿದರು, ಅದನ್ನೂ ಬಿಟ್ಟರು. ಕೊನೆವರೆಗೂ ಬಿಡದೆ ಹಿಡಿದದ್ದು ಡ್ರೆಜ್ ಒಂದನ್ನೇ. ಸಿಂಪಿ ಹಿಡಿಯುವವರು ಸಮುದ್ರದ ತಳದಲ್ಲಿ ಎಳೆಯುತ್ತಿದ್ದ, ಕಬ್ಬಿಣದ ಚೌಕಟ್ಟಿಗೆ ಚೀಲ ಕಟ್ಟಿದ ಸಲಕರಣೆ ಅದು.

1841ರಲ್ಲಿ ಬೀಕನ್ ಎಂಬ ಸರ್ವೇ ಹಡಗಿನಲ್ಲಿ ಏಜಿಯನ್ ಸಮುದ್ರಕ್ಕೆ ಹೋದರು. ನೂರಕ್ಕೂ ಹೆಚ್ಚು ಸಲ ಡ್ರೆಜ್ ಎಳೆದು, ಸಿಕ್ಕ ಜೀವಿಗಳನ್ನೆಲ್ಲ ಆಳದ ಲೆಕ್ಕದಲ್ಲಿ ಬರೆದಿಟ್ಟು, ಸಮುದ್ರವನ್ನು ಎಂಟು ಪಟ್ಟಿಗಳಾಗಿ ವಿಂಗಡಿಸಿದರು. ಆಗ ಕಂಡದ್ದು ಮಜಾ ಇದೆ. ಬೆಚ್ಚಗಿನ ಆ ಸಮುದ್ರದಲ್ಲಿ ಕೆಳಗಿಳಿದಷ್ಟೂ ಉತ್ತರದ ತಣ್ಣನೆ ಸಮುದ್ರಗಳ ಚಿಪ್ಪುಗಳನ್ನು ಹೋಲುವವು ಹೆಚ್ಚಾಗುತ್ತಿದ್ದವು. ಬೆಟ್ಟ ಹತ್ತಿದಷ್ಟೂ ಚಳಿಸೀಮೆಯ ಗಿಡಗಳು ಸಿಗ್ತವಲ್ಲ, ಅದರ ತಲೆಕೆಳಗು.

ಅಲ್ಲಿಗೆ ನಿಂತಿದ್ದರೆ ಸಾಕಿತ್ತು. ಆಳ ಹೆಚ್ಚಿದಂತೆ ಜೀವಿಗಳ ಸಂಖ್ಯೆ ಇಳಿಯುವುದನ್ನೂ ಅವರು ನೋಡಿದ್ದರು. ಡ್ರೆಜ್ ಮುಟ್ಟಿದ್ದು 230 ಫ್ಯಾದಮ್, ಅಂದರೆ ಸುಮಾರು 420 ಮೀಟರ್ ಮಾತ್ರ. ಗೆರೆಯನ್ನು ಹಾಗೇ ಎಳೆದು, 300 ಫ್ಯಾದಮ್ ಕೆಳಗೆ ಜೀವವೇ ಇರಲಾರದು ಅಂದುಬಿಟ್ಟರು. ಏಜಿಯನ್ನಿನ ತಳವೇ ಬಡವು ಎಂಬುದು ಅವರ ದುರದೃಷ್ಟ. ಆದರೆ 1818ರಲ್ಲೇ ಜಾನ್ ರಾಸ್ ಬ್ಯಾಫಿನ್ ಕೊಲ್ಲಿಯ ಇನ್ನೂ ಹೆಚ್ಚು ಆಳದಿಂದ ಹುಳುಗಳನ್ನು ಎತ್ತಿದ್ದರು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ ಅನ್ನೋದು ನಮಗೆ ಇವತ್ತಿಗೂ ಸೋಜಿಗ.

ಅಷ್ಟರಲ್ಲಿ ಬ್ಯಾಂಕರ್ ಆಗಿದ್ದ ಅಪ್ಪ ಹಣ ಕಳೆದುಕೊಂಡರು. ಜ್ವರದಿಂದ ಬಳಲಿದ್ದ ಫೋರ್ಬ್ಸ್ ಲಂಡನ್ನಿಗೆ ಮರಳಿ ಪಾಠ, ಮ್ಯೂಸಿಯಂ, ಸರ್ವೇ ಅಂತ ದುಡಿದರು. ಹಾಗಿದ್ದೂ ಧ್ರುವದಿಂದ ಉಷ್ಣವಲಯದವರೆಗೆ ಇಡೀ ಭೂಮಿಯ ಸಮುದ್ರಜೀವಿಗಳನ್ನು ಪಟ್ಟೆಪಟ್ಟೆಯಾಗಿ ತೋರಿಸುವ ನಕ್ಷೆ ತಯಾರಿಸಿದರು. ನಮ್ಮ ದೃಷ್ಟಿಯಲ್ಲಿ ನೆನಪಿಡಬೇಕಾದ ಕೆಲಸ ಅದೇ.

ಬಯಸಿದ್ದ ಎಡಿನ್‌ಬರೋ ಪ್ರೊಫೆಸರ್ ಹುದ್ದೆ 1854ರಲ್ಲಿ ಸಿಕ್ಕಿತು. ಅದೇ ನವೆಂಬರಿನಲ್ಲಿ ತೀರಿಕೊಂಡರು. ವಯಸ್ಸು 39.

1860ರಲ್ಲಿ ಮೆಡಿಟರೇನಿಯನ್ನಿನ ಆಳದಿಂದ ರಿಪೇರಿಗೆಂದು ಎತ್ತಿದ ಟೆಲಿಗ್ರಾಫ್ ಕೇಬಲ್ಲಿಗೆ ಜೀವಿಗಳು ಅಂಟಿಕೊಂಡಿದ್ದವು. 1869ರಲ್ಲಿ ವೈವಿಲ್ ಥಾಮ್ಸನ್ ಪೋರ್ಕ್ಯುಪೈನ್ ಹಡಗಿನಿಂದ ಸುಮಾರು 4,450 ಮೀಟರ್ ಆಳಕ್ಕೆ ಡ್ರೆಜ್ ಇಳಿಸಿದರು. ಅಲ್ಲೂ ಜೀವ ಇತ್ತು. ಮರುವರ್ಷ ಥಾಮ್ಸನ್ನರಿಗೆ ಎಡಿನ್‌ಬರೋದಲ್ಲಿ ಸಿಕ್ಕಿದ್ದು ಒಂದು ಕಾಲಕ್ಕೆ ಫೋರ್ಬ್ಸ್ ಕೂತಿದ್ದ ಅದೇ ಕುರ್ಚಿ.