ನಿಂತುಹೋದ ಪ್ರಯಾಣ

ಇಂಗ್ಲೆಂಡಿನಲ್ಲಿ 1906ರಲ್ಲಿ ಜನಿಸಿದ ಕ್ರಿಸ್ಟಲ್ ರಾಜರ್ಸ್ 1959ರಲ್ಲಿ ನ್ಯೂಜಿಲೆಂಡಿಗೆ ಹೊರಟಿದ್ದರು. ಭಾರತವು ಅವರಿಗೆ ನಡುದಾರಿಯ ತಂಗುದಾಣ ಮಾತ್ರವಾಗಿತ್ತು. ಇಲ್ಲಿ, ಸಾಯುತ್ತ ಬಿದ್ದಿದ್ದ ಕುದುರೆಯೊಂದನ್ನು ಅವರು ಕಂಡರು. ಕಾಗೆಗಳು ಅದರ ಕಣ್ಣುಗಳನ್ನು ಕುಕ್ಕಿದ್ದವು. ಮುಂದಿನ ಪ್ರಯಾಣ ಅಲ್ಲಿಗೇ ನಿಂತಿತು.

ಬೈಲಹೊಂಗಲ–ಸವದತ್ತಿ ರಸ್ತೆಯಲ್ಲಿ ಚಕ್ಕಡಿಯ ಎತ್ತೊಂದು ಮುಗ್ಗರಿಸಿ ಬಿದ್ದರೆ, ಬಸ್ಸು ತಪ್ಪಿದರೂ ಸರಿಯೆಂದು ನಿಲ್ಲುವವರು ನಮ್ಮಲ್ಲಿ ಎಷ್ಟು ಮಂದಿ? ಈ ಪ್ರಶ್ನೆ ಮೊದಲು ನನಗೇ.

ದೆಹಲಿಯಲ್ಲಿ ಗಾಯಗೊಂಡ ಮೂಕಪ್ರಾಣಿಗಳಿಗೆ ಅವರು ಆಶ್ರಯ ತೆರೆದರು. 1980ರಲ್ಲಿ ಜೈಪುರದಲ್ಲಿ ಇನ್ನೊಂದು. ವಿಶ್ರಾಂತಿಗೆಂದು ನಾವು ಮೀಸಲಿಡುವ ವಯಸ್ಸಿನಲ್ಲಿ, 1991ರಲ್ಲಿ, ಬೆಂಗಳೂರಿಗೆ ಬಂದು ‘ಕ್ಯೂಪಾ’ ಸಂಸ್ಥೆಯನ್ನು ಆರಂಭಿಸಿದರು. ಆಗ ಅವರಿಗೆ ಸುಮಾರು 85 ವರ್ಷ. ಸ್ವಯಂಸೇವಕರು ಇಂದಿಗೂ ಆ ಸಂಸ್ಥೆಯ ಆಶ್ರಯಗಳಿಗೆ ಬಂದು, ವೇತನದ ಹಂಗಿಲ್ಲದೆ, ಬೀದಿನಾಯಿಗಳ ಆರೈಕೆಗೆ ಕೈಜೋಡಿಸುತ್ತಾರೆ. ರಾಜರ್ಸ್ ಅವರು 1996ರಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು.