ಶ್ರೀ ಲಕ್ಷ್ಮಣರಾವ್ ಕಿರ್ಲೋಸ್ಕರ್ (1869–1956): ಜೀವನ ಪರಿಚಯ ಮತ್ತು ಶಿಶಿಕ್ಷು ಅಭ್ಯರ್ಥಿಗಳಿಗೆ ಮಾಹಿತಿ

ಬೆಳಗಾವಿ ನಗರದ ರವಿವಾರ ಪೇಟೆಗೆ ಬಂದು ಹೋಗುವ ಸಾರ್ವಜನಿಕರಿಗೆ ಕಿರ್ಲೋಸ್ಕರ್ ರಸ್ತೆಯ ಹೆಸರು ಪರಿಚಿತವಾದುದು. ಕಿರ್ಲೋಸ್ಕರ್ ಉದ್ಯಮ ಸಮೂಹದ ಸ್ಥಾಪಕರಾದ ದಿವಂಗತ ಶ್ರೀ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ರವರು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ದಿನಾಂಕ 20-06-1869 ರಂದು ಜನಿಸಿದರು. ಭಾರಿ ಯಂತ್ರಗಳ ಚಾಲನೆ ಹಾಗೂ ದುರಸ್ತಿ ವೃತ್ತಿಗಳಲ್ಲಿ ತರಬೇತಿ ಬಯಸುವ ಅಭ್ಯರ್ಥಿಗಳ ಅವಗಾಹನೆಗಾಗಿ ಅವರ ಜೀವನವನ್ನು ಸಂಕ್ಷಿಪ್ತವಾಗಿ ಇಲ್ಲಿ ನೀಡಲಾಗಿದೆ.

ಶಾಲಾ ವ್ಯಾಸಂಗಕ್ಕಿಂತ ಚಿತ್ರಕಲೆ ಮತ್ತು ಯಂತ್ರಗಳಲ್ಲಿ ಆಸಕ್ತಿ ಹೊಂದಿದ್ದ ಅವರು 1885ರಲ್ಲಿ ಮುಂಬಯಿಯ ಜೆ.ಜೆ. ಕಲಾ ಶಾಲೆಯನ್ನು ಸೇರಿದರು. ಬಣ್ಣಗಳನ್ನು ಗುರುತಿಸುವಲ್ಲಿ ಭಾಗಶಃ ದೃಷ್ಟಿದೋಷವಿದ್ದ ಕಾರಣ ಚಿತ್ರಕಲೆಯನ್ನು ಕೈಬಿಟ್ಟು ಯಾಂತ್ರಿಕ ರೇಖಾಚಿತ್ರವನ್ನು ಕಲಿತರು. ನಂತರ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದೇ ವಿಷಯದ ಶಿಕ್ಷಕರಾದರು. ಬಿಡುವಿನ ವೇಳೆಯಲ್ಲಿ ಯಂತ್ರಗಳ ಮೇಲೆ ಕೈಯಾರೆ ದುಡಿದು ಅನುಭವ ಗಳಿಸಿದರು.

ಸಹೋದರ ಶ್ರೀ ರಾಮಚಂದ್ರರಾವ್ ರವರೊಂದಿಗೆ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರವನ್ನು ಆರಂಭಿಸಿದರು. ಸೈಕಲ್ ಒಂದರ ಬೆಲೆ ರೂ. 700ರಿಂದ 1,000 ಇದ್ದು, ಸವಾರಿ ಕಲಿಸಲು ರೂ. 15 ಶುಲ್ಕವಿತ್ತು. ಮುಂಬಯಿಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬರಿಗೆ ದೊರೆತಾಗ ಹುದ್ದೆಯನ್ನು ತ್ಯಜಿಸಿ ಬೆಳಗಾವಿಗೆ ಮರಳಿದರು. ಇಲ್ಲಿ ಸಣ್ಣ ಕಾರ್ಯಾಗಾರವನ್ನು ಸ್ಥಾಪಿಸಿ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳನ್ನು ತಯಾರಿಸಿದರು. ಕಬ್ಬಿಣವು ಭೂಮಿಗೆ ವಿಷವಾಗುವುದೆಂದು ರೈತರು ಅಂಜಿದ್ದರಿಂದ ಮೊದಲ ನೇಗಿಲಿನ ಮಾರಾಟಕ್ಕೆ ಸುಮಾರು 2 ವರ್ಷ ಹಿಡಿಯಿತು.

ನಗರದ ವಿಸ್ತರಣೆಗಾಗಿ ಕಾರ್ಯಾಗಾರದ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ನೆರವಾದರು. 1910ರಲ್ಲಿ, ಇಂದಿನ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ ಪಾಪಾಸುಕಳ್ಳಿಯ ಬಂಜರು ನೆಲದಲ್ಲಿ ಕಿರ್ಲೋಸ್ಕರವಾಡಿ ತಲೆ ಎತ್ತಿತು. ಕಾಲೇಜು ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟ ಶಂಭುರಾವ್ ಜಾಂಭೇಕರ್ ಹಾಗೂ ಶಾಲೆಯನ್ನು ಬಿಟ್ಟ ಅನಂತರಾವ್ ಫಳಣೀಕರ್ ರವರು ಅಲ್ಲಿ ದುಡಿಯುತ್ತಲೇ ನುರಿತ ತಂತ್ರಜ್ಞರಾದರು. ಶಿಕ್ಷೆ ಅನುಭವಿಸಿ ಬಂದವರಿಗೂ ಕಾವಲು ಕೆಲಸ ದೊರೆಯಿತು. ಪ್ರಮಾಣ ಪತ್ರಕ್ಕಿಂತ ಕೈಯ ಕಸುಬಿಗೆ ಅವರು ಬೆಲೆ ನೀಡಿದ್ದರು. ಯಂತ್ರೋಪಕರಣಗಳ ತಯಾರಿಕೆಗಾಗಿ ಸಮೂಹದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾಯಿತು. ಶ್ರೀಯುತರು ದಿನಾಂಕ 26-09-1956 ರಂದು ನಿಧನರಾದರು. ಜನ್ಮ ಶತಮಾನೋತ್ಸವದ ವರ್ಷವಾದ 1969ರಲ್ಲಿ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು.

ಅಭ್ಯರ್ಥಿಗಳ ಗಮನಕ್ಕೆ

ಶ್ರೀಯುತರ ಕಾಲದಲ್ಲಿ ಕೆಲಸ ಕಲಿಯುವವರ ಹೊಟ್ಟೆಪಾಡು ಮಾಲೀಕರ ಔದಾರ್ಯವನ್ನೇ ಅವಲಂಬಿಸಿತ್ತು. ಶಿಶಿಕ್ಷು ಕಾಯ್ದೆ, 1961 ಜಾರಿಗೆ ಬಂದ ನಂತರ ಶಿಷ್ಯವೇತನವು ಶಿಶಿಕ್ಷುಗಳ ಹಕ್ಕಾಗಿರುತ್ತದೆ. ಬೆಳಗಾವಿ, ಖಾನಾಪುರ ಹಾಗೂ ಸುತ್ತಲಿನ ಅಭ್ಯರ್ಥಿಗಳು ಈ ಕೆಳಕಂಡ ಅಂಶಗಳನ್ನು ತಿಳಿದಿರತಕ್ಕದ್ದು:

1. ತರಬೇತಿಗೆ ಕನಿಷ್ಠ ವಯಸ್ಸು 14 ವರ್ಷ. ಅಪಾಯಕಾರಿ ಕೈಗಾರಿಕೆಗಳಿಗೆ ಸಂಬಂಧಿಸಿದ ವೃತ್ತಿಗಳಲ್ಲಿ 18 ವರ್ಷ.

2. ಉದ್ಯೋಗದಾತರೊಂದಿಗೆ ಲಿಖಿತ ಶಿಶಿಕ್ಷು ಒಪ್ಪಂದವಾಗಿ, ಅದು ನೋಂದಣಿಯಾಗಿರಬೇಕು. ಅಪ್ರಾಪ್ತ ವಯಸ್ಕರ ಪರವಾಗಿ ಪೋಷಕರು ಸಹಿ ಮಾಡತಕ್ಕದ್ದು.

3. ನಿಯಮಗಳಲ್ಲಿ ನಿಗದಿಪಡಿಸಿದ ಕನಿಷ್ಠ ಮೊತ್ತಕ್ಕಿಂತ ಕಡಿಮೆ ಶಿಷ್ಯವೇತನವನ್ನು ನೀಡುವಂತಿಲ್ಲ. ಎಷ್ಟು ತಯಾರಿಸಿದರೆ ಅಷ್ಟಕ್ಕೇ ಹಣ ನೀಡುವ ಪದ್ಧತಿಗೂ ಅವಕಾಶವಿಲ್ಲ.

4. ತರಬೇತಿಯ ಕೆಲಸದಲ್ಲಿ ಅಪಘಾತದಿಂದ ಗಾಯಗೊಂಡಲ್ಲಿ ಕಾನೂನಿನನ್ವಯ ಪರಿಹಾರ ನೀಡುವುದು ಉದ್ಯೋಗದಾತರ ಹೊಣೆಯಾಗಿರುತ್ತದೆ.

5. ಒಪ್ಪಂದದಲ್ಲಿ ಷರತ್ತು ಇಲ್ಲದಿದ್ದಲ್ಲಿ ತರಬೇತಿಯ ನಂತರ ನೌಕರಿ ನೀಡಲೇಬೇಕೆಂಬ ನಿರ್ಬಂಧವಿರುವುದಿಲ್ಲ. ಆದ್ದರಿಂದ ಒಪ್ಪಂದವನ್ನು ಪೂರ್ಣವಾಗಿ ಓದಿ, ತಿಳಿದು ಸಹಿ ಮಾಡಲು ಹಾಗೂ ಅದರ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಲು ಕೋರಲಾಗಿದೆ.